ಹೊಳೆಯ ಆರಂಭ ಶಿಲ್ಕು

ವಾಚನಾಲಯದ ಮೇಜಿನ ಸುತ್ತ ಈಚೆಗೆ ಒಂದು ಸಂಜೆ ಸಣ್ಣ ವಾದವೊಂದು ಎದ್ದಿತು. ಅಮೆರಿಕದ ಉತ್ತರ ತುದಿಯ ಅಲಾಸ್ಕದಲ್ಲಿ ತಾಮ್ರದ ಗಣಿಯೊಂದನ್ನು ತೆರೆಯುವ ಆಲೋಚನೆ ಇದೆ. ಗಣಿಗೆ ಗುದ್ದಲಿ ಬೀಳುವ ಎಷ್ಟೋ ವರ್ಷ ಮೊದಲೇ ಅಲ್ಲಿಯ ಹೊಳೆಗಳಲ್ಲಿ ಮೀನು ಎಣಿಸಿ, ನೀರು ಪರೀಕ್ಷಿಸಿ ಬರೆದಿಡುತ್ತಿದ್ದಾರೆ. ಇದನ್ನು ಓದಿದ ಮಿತ್ರರೊಬ್ಬರು, "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಯಿತು!" ಎಂದರು. ಎಲ್ಲರೂ ನಕ್ಕೆವು. ಆದರೆ ಲೆಕ್ಕಪತ್ರದ ಕೆಲಸದಲ್ಲೇ ತಲೆ ನರೆತ ಇನ್ನೊಬ್ಬರು ನಗಲಿಲ್ಲ. "ಆರಂಭ ಶಿಲ್ಕು ಬರೆಯದೆ ಖಾತೆ ತೆರೆಯುವುದುಂಟೇನ್ರೀ?" ಎಂದು ಕೇಳಿದರು. ಆ ಮಾತೇ ಈ ಲೇಖನಕ್ಕೆ ಮೂಲ.

ಖಾತೆಯ ಮೊದಲ ಸಾಲಿನಲ್ಲಿ ಹಿಂದಿನ ಶಿಲ್ಕು ಇಲ್ಲದಿದ್ದರೆ ವರ್ಷದ ಕೊನೆಗೆ ಲಾಭವೋ ನಷ್ಟವೋ ಹೇಳುವವರಾರು? ಚಾಳಿನ ಕೋಣೆಗೆ ಬಾಡಿಗೆಗೆ ಹೋಗುವವನು ಗೋಡೆಯ ಬಿರುಕನ್ನು ಮೊದಲ ದಿನವೇ ಮಾಲೀಕನಿಗೆ ತೋರಿಸಿ ಬರೆಸಿಕೊಳ್ಳದಿದ್ದರೆ, ಖಾಲಿ ಮಾಡುವ ದಿನ ಆ ಬಿರುಕು ಅವನ ತಲೆಗೇ ಬರುತ್ತದೆ. ಡಿಪಾಜಿಟ್ಟಿನಲ್ಲಿ ಅಷ್ಟು ಹಣ ಹೋಯಿತೆಂದೇ ಲೆಕ್ಕ. ಹೊಳೆಗೂ ಇದೇ ನ್ಯಾಯ. ಆದರೆ ಹೊಳೆಯ ವಿಷಯದಲ್ಲಿ ಒಂದು ತೊಡಕು ಹೆಚ್ಚು. ಅದಿರು ಹೇರಳವಾಗಿರುವ ಕಡೆ ನೀರು ಎಷ್ಟೋ ಸಲ ಗಣಿ ಬರುವ ಮೊದಲೇ ಕೆಟ್ಟಿರುತ್ತದೆ. ತಾಮ್ರ, ಸತು, ಸೀಸಗಳ ಅದಿರಿನಲ್ಲಿ ಸಾಮಾನ್ಯವಾಗಿ ಗಂಧಕ ಬೆರೆತಿರುತ್ತದೆ. ಅದಕ್ಕೆ ಗಾಳಿ ಮತ್ತು ನೀರು ತಾಗಿದರೆ ಆಮ್ಲ ಹುಟ್ಟುತ್ತದೆ. ಆಮ್ಲವು ಲೋಹವನ್ನು ಕರಗಿಸಿ ಹೊಳೆಗೆ ಇಳಿಸುತ್ತದೆ. ಗಣಿಯು ಬಂಡೆಯನ್ನು ಒಡೆದು ಬೇಗ ಮಾಡುವ ಈ ಕೆಲಸವನ್ನು ಪ್ರಕೃತಿ ತಾನೇ ನಿಧಾನವಾಗಿ ಮಾಡುತ್ತಿರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಅಲಾಸ್ಕದ ವಾಯವ್ಯ ಮೂಲೆಯ ರೆಡ್ ಡಾಗ್ ಗಣಿ. ಆ ಭಾಗದಲ್ಲಿ ಸಣ್ಣ ವಿಮಾನ ಹಾರಿಸುತ್ತಿದ್ದ ಚಾಲಕರೊಬ್ಬರು ಹೊಳೆಯೊಂದರ ದಡವೆಲ್ಲ ತುಕ್ಕು ಹಿಡಿದಂತೆ ಕೆಂಪಾಗಿರುವುದನ್ನು ಮೇಲಿನಿಂದ ಕಂಡರು. ಅವರ ಜೊತೆಯಲ್ಲೇ ಹಾರುತ್ತಿದ್ದ ಕೆಂಪು ನಾಯಿಯಿಂದ ಆ ಹೊಳೆಗೆ 'ಕೆಂಪು ನಾಯಿ' ಎಂಬ ಹೆಸರು ಬಂತು. 1968ರಲ್ಲಿ ಸರ್ಕಾರದ ಭೂವಿಜ್ಞಾನಿ ಇರ್ವ್ ಟೈಲರ್ ಅಲ್ಲಿಯ ಕಲ್ಲು ಮಣ್ಣಿನ ಮಾದರಿ ತೆಗೆದರು. ಆ ಕೆಂಪಿನ ಕೆಳಗೆ ಪ್ರಪಂಚದ ಅತಿ ದೊಡ್ಡ ಸತುವಿನ ನಿಕ್ಷೇಪಗಳಲ್ಲಿ ಒಂದು ಮಲಗಿತ್ತು. 1982ರಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಸ್ವಂತ ಸಂಸ್ಥೆಗೂ ಕೊಮಿಂಕೊ ಕಂಪನಿಗೂ ಒಪ್ಪಂದವಾಗಿ, 1989ರಲ್ಲಿ ಗಣಿ ಕೆಲಸ ಆರಂಭಿಸಿತು.

ಈ ಹೊಳೆಯ ನೀರು ಇಕಲುಕ್ರೋಕ್ ಎಂಬ ಇನ್ನೊಂದು ಹೊಳೆಗೆ, ಅದು ವೂಲಿಕ್ ನದಿಗೆ ಸೇರಿ, ಕೊನೆಗೆ ಕಿವಲಿನಾ ಎಂಬ ಹಳ್ಳಿಯ ಬಳಿ ಸಮುದ್ರಕ್ಕೆ ಬೀಳುತ್ತದೆ. ಕಿವಲಿನಾದಲ್ಲಿ ಇರುವವರು ಸುಮಾರು ನಾನೂರು ಮಂದಿ. ಅವರು ಕುಡಿಯುವ ನೀರು ವೂಲಿಕ್‌ನದು. ಚಳಿಗಾಲವನ್ನು ಅದೇ ನದಿಯಲ್ಲಿ ಕಳೆಯುವ ಡಾಲಿ ವಾರ್ಡನ್ ಎಂಬ ಮೀನು ಅವರ ಊಟ. ಆದುದರಿಂದ ಹೊಳೆಯ ಪ್ರಶ್ನೆ ಅವರಿಗೆ ಪಂಡಿತರ ಚರ್ಚೆಯಲ್ಲ, ತಟ್ಟೆಯ ಪ್ರಶ್ನೆ.

1970ರ ದಶಕದ ಕೊನೆಯಿಂದ 1980ರ ದಶಕದ ಮೊದಲ ವರ್ಷಗಳವರೆಗೆ, ಎಂದರೆ ಗಣಿ ಇಲ್ಲದಿದ್ದಾಗಲೇ, ಈ ಹೊಳೆಗಳ ಪರೀಕ್ಷೆ ನಡೆದಿತ್ತು. ಫಲಿತಾಂಶ ಏನೆಂದು ಬಲ್ಲಿರಾ? ಅದಿರಿನ ಮೇಲೆ ಹರಿಯುವ ಭಾಗದಲ್ಲಿ ಸತು, ಸೀಸ, ಕ್ಯಾಡ್ಮಿಯಂ ವಿಪರೀತ. ಅಲ್ಲಿ ಮೀನೇ ಇಲ್ಲ. ತಿಳಿನೀರಿನ ಉತ್ತರದ ಕವಲಿನಲ್ಲಿ ಮೀನುಗಳಿದ್ದರೂ ಕೆಳಕ್ಕಿಳಿದವು ಸಾಯುತ್ತಿದ್ದವು. ಯಾವ ಕಂಪನಿಯೂ ಮುಟ್ಟದ ನೀರಿನಲ್ಲಿ ಸತ್ತ ಮೀನು!

ಗಣಿ ಆರಂಭವಾದ ಮೇಲೆ ನೀರಿನ ಲೋಹ ಇನ್ನೂ ಏರಿತು. "ಈ ಹೊಳೆ ಮೊದಲಿನಿಂದಲೂ ಹೀಗೇ ಇತ್ತು" ಎಂದು ಹೇಳಿ ಕೈ ತೊಳೆದುಕೊಳ್ಳಲು ಅವಕಾಶವಾಗಲಿಲ್ಲ. ಏಕೆಂದರೆ 'ಮೊದಲು' ಎಷ್ಟಿತ್ತೆಂಬುದು ಅಂಕಿಯಲ್ಲಿ ಬರೆದಿತ್ತು. 1991ರಲ್ಲಿ ಮೇಲಿನಿಂದ ಬರುವ ತಿಳಿನೀರನ್ನು ಅದಿರಿಗೆ ತಾಗದಂತೆ ಬದಿಯಿಂದ ಸಾಗಿಸುವ ಕಾಲುವೆಯನ್ನು ಕಟ್ಟಿದರು. ಕೊಳಕು ನೀರನ್ನು ಕೂಡಿಹಾಕಿ ಸುಣ್ಣ ಬೆರೆಸಿ ಶುದ್ಧಿ ಮಾಡಿ ಬಿಡತೊಡಗಿದರು. ಆಮೇಲೆ ಕೆಳಗಿನ ಹೊಳೆಯಲ್ಲಿ ಸತು, ಸೀಸ, ಕ್ಯಾಡ್ಮಿಯಂ ಪ್ರಮಾಣ ಗಣಿಗೆ ಮುಂಚೆ ಇದ್ದುದಕ್ಕಿಂತಲೂ ಇಳಿದವು. ಮೊದಲು ಬಾಳಲಾರದ ಕಡೆಗೆ ಗ್ರೇಲಿಂಗ್ ಮೀನು ಬಂತು. ಕಂಪನಿಗೂ ತನ್ನ ಪರವಾಗಿ ಹೇಳಿಕೊಳ್ಳಲು ಅದೇ ಹಳೆಯ ಅಂಕಿ ಬೇಕಾಯಿತು. ಆರಂಭ ಶಿಲ್ಕು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಅದರ ಬೆಲೆ ಇರುವುದೇ ಅದರಲ್ಲಿ.

ಅಷ್ಟರಿಂದ ಜಗಳ ತೀರಿತೆಂದಲ್ಲ. ಶುದ್ಧಿ ಮಾಡಿದ ನೀರಿನಲ್ಲಿ ಲೋಹ ಇಳಿದರೂ ಕರಗಿದ ಲವಣಗಳು ಹೆಚ್ಚಾದವು. ಪರವಾನಗಿಯ ಮಿತಿ ಮೀರಿದೆಯೆಂದು ಕಿವಲಿನಾದ ಕೆಲವರು 2004ರಲ್ಲಿ ನ್ಯಾಯಾಲಯಕ್ಕೆ ಹೋದರು, 2008ರಲ್ಲಿ ರಾಜಿಯಾಯಿತು. ಕುಡಿಯುವವರ ಭಯವನ್ನು ಅಂಕಿಯೊಂದೇ ನೀಗಿಸಲಾರದು. ಆದರೆ ಅಂಕಿಯೇ ಇಲ್ಲದಿದ್ದರೆ ಅವರ ಮಾತಿಗೆ ಬೆಲೆ ಎಷ್ಟು ಬರುತ್ತಿತ್ತು?

ಈಗ ನಮ್ಮ ಮಿತ್ರರು ಓದಿದ ಗಣಿಗೆ ಬರೋಣ. ಅದೂ ಬ್ರೂಕ್ಸ್ ಪರ್ವತಶ್ರೇಣಿಯದೇ, ಆದರೆ ದಕ್ಷಿಣದ ಮಗ್ಗುಲಿನದು. ಆಂಬ್ಲರ್ ಪ್ರದೇಶವೆಂದು ಹೆಸರು. ನಿಕ್ಷೇಪದ ಹೆಸರು 'ಆರ್ಕ್ಟಿಕ್'. ತಾಮ್ರ, ಸತು, ಸೀಸ, ಬೆಳ್ಳಿ, ಬಂಗಾರ ಅದರಲ್ಲಿವೆ. ಅಲ್ಲಿಯ ಹೊಳೆಗಳು ಶುಂಗ್ನಾಕ್ ನದಿಯ ಮೂಲಕ ಕೋಬಕ್ ನದಿಗೆ ಸೇರುತ್ತವೆ. ಕೋಬಕ್ ದಡದ ಹಳ್ಳಿಗಳು ಚಮ್ ಸಾಲ್ಮನ್ ಮತ್ತು ಶೀಫಿಶ್ ಮೀನುಗಳನ್ನು ನೆಚ್ಚಿವೆ. ಗಣಿಗೆ ಹೋಗಲು 211 ಮೈಲಿ ಹೊಸ ರಸ್ತೆ ಬೇಕು. ಅದರ ಅನುಮತಿಯನ್ನು ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ನಿರಾಕರಿಸಿತು. 2025ರ ಅಕ್ಟೋಬರ್‌ನಲ್ಲಿ ಹೊಸ ಅಧ್ಯಕ್ಷರು ಅದನ್ನು ತಿರುಗಿಸಿ ಕೊಡುವಂತೆ ಆಜ್ಞೆ ಮಾಡಿದರು. ದೆಹಲಿಯ ಫೈಲುಗಳನ್ನು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದು.

ಹೊಳೆಯ ಲೆಕ್ಕ ಮಾತ್ರ ಈ ಫೈಲಿಗಾಗಿ ಕಾಯಲಿಲ್ಲ. ಅಲಾಸ್ಕದ ಮೀನು ಇಲಾಖೆಯವರು 2016ರಿಂದ ಇಲ್ಲಿ ಜೀವಿಗಳ ಗಣತಿ ಮಾಡುತ್ತಾ ಬಂದಿದ್ದಾರೆ. ಕಲ್ಲಿನ ಮೇಲಿನ ಪಾಚಿಯನ್ನು ಉಜ್ಜಿ ತೆಗೆದು ಅದರ ಹಸಿರನ್ನು ಅಳೆಯುತ್ತಾರೆ. ಪಾಚಿ ಹೊಳೆಯ ಹುಲ್ಲುಗಾವಲು. ಪ್ರವಾಹಕ್ಕೆ ಅಡ್ಡ ಬಲೆ ಒಡ್ಡಿ ತೇಲಿ ಬರುವ ಹುಳುಗಳನ್ನು ಹಿಡಿದು ಜಾತಿವಾರು ಎಣಿಸುತ್ತಾರೆ. ಸಾಲ್ಮನ್ ಮೊಟ್ಟೆಯ ಆಮಿಷವಿಟ್ಟ ಬುಟ್ಟಿಗಳನ್ನು ಒಂದು ದಿನ ನೀರಿನಲ್ಲಿಟ್ಟು ಮರಿಮೀನು ಹಿಡಿಯುತ್ತಾರೆ. ಕೆಲವನ್ನು ಪ್ರಯೋಗಶಾಲೆಗೆ ಕಳಿಸಿ ಮೈಯಲ್ಲಿ ತಾಮ್ರ, ಪಾದರಸ, ಸೆಲೆನಿಯಂ ಎಷ್ಟೆಂದು ನೋಡುತ್ತಾರೆ. ನೀರು ನಿನ್ನೆಯದನ್ನು ಇಂದು ಮರೆಯಬಹುದು. ಮೀನಿನ ಮೈ ಮರೆಯುವುದಿಲ್ಲ.

ನೀರಿನ ಪರೀಕ್ಷೆಯೂ ನಾವು ಎಣಿಸಿದಷ್ಟು ಸುಲಭವಲ್ಲ. ಒಂದೇ ಸ್ಥಳದಲ್ಲಿ ಎರಡು ಸೀಸೆ ತುಂಬಬೇಕು: ಒಂದನ್ನು ಹಾಗೆಯೇ, ಇನ್ನೊಂದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಅರ್ಧಕ್ಕಿಂತ ಕಡಿಮೆಯ ರಂಧ್ರದ ಸೋಸುಕದಲ್ಲಿ ಸೋಸಿ. ಮೊದಲನೆಯದು ಮಣ್ಣಿನ ಕಣದಲ್ಲಿರುವ ಲೋಹವನ್ನೂ ಸೇರಿಸಿ ಹೇಳುತ್ತದೆ, ಎರಡನೆಯದು ಕರಗಿರುವುದನ್ನಷ್ಟೆ. ಸೀಸೆಯೇ ಕೊಳಕೇ ಎಂದು ತಿಳಿಯಲು ಶುದ್ಧ ಜಲ ತುಂಬಿದ ಒಂದು ಸೀಸೆಯೂ ಗುಟ್ಟಾಗಿ ಜೊತೆಯಲ್ಲಿ ಹೋಗುತ್ತದೆ. ನೀರಿನ ಗಡಸುತನವನ್ನೂ ಬರೆಯಬೇಕು. ಏಕೆಂದರೆ ಅಷ್ಟೇ ತಾಮ್ರ ಮೆದುನೀರಿನಲ್ಲಿ ಮೀನಿಗೆ ಹೆಚ್ಚು ವಿಷ. ಹರಿವು ಎಷ್ಟೆಂದೂ ಬರೆಯಬೇಕು. ಹಿಮ ಕರಗುವ ಮೇ-ಜೂನ್‌ನಲ್ಲಿ ಹೊಳೆ ಉಕ್ಕುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಅಂತರ್ಜಲದ ಸಣ್ಣ ಧಾರೆ ಮಾತ್ರ. ಎರಡೂ ಒಂದೇ ಹೊಳೆಯಲ್ಲವೆನ್ನುವಷ್ಟು ಬೇರೆ ನೀರು. ಆದುದರಿಂದ ಒಂದು ಬೇಸಗೆಯ ಪ್ರವಾಸ ಮಾಡಿ ತಂದ ಅಂಕಿಯನ್ನು ಆರಂಭ ಶಿಲ್ಕು ಎನ್ನುವುದು ಒಂದು ದಿನದ ಗಲ್ಲಾ ಎಣಿಸಿ ವರ್ಷದ ಬ್ಯಾಲೆನ್ಸ್ ಶೀಟು ಬರೆದಂತೆ.

ಇನ್ನೊಂದು ಅನುಮಾನ ಓದುಗರಿಗೆ ಈಗಾಗಲೇ ಬಂದಿರಬೇಕು. ಇಂಥ ಪರೀಕ್ಷೆಯ ಖರ್ಚನ್ನು ಎಷ್ಟೋ ಕಡೆ ಗಣಿಯ ಕಂಪನಿಯೇ ಕೊಡುತ್ತದೆ. ಅಂಗಡಿಯವನೇ ತಕ್ಕಡಿ ತಂದಂತೆ! ಅನುಮಾನ ಸರಿಯಾದದ್ದೇ. ಸರ್ಕಾರಿ ಇಲಾಖೆಯ ಕೈಯಲ್ಲಿ ಎಣಿಕೆ ಇರಬೇಕು, ವರದಿ ಎಲ್ಲರಿಗೂ ಸಿಗಬೇಕು ಎನ್ನುವುದು ಅದಕ್ಕಾಗಿಯೇ. ದುಡ್ಡು ಕೊಟ್ಟವರು ಯಾರೇ ಆಗಲಿ, ಹಾಳೆ ತೆರೆದಿದ್ದರೆ ಕೂಡಿಸಿ ನೋಡುವ ಬೇರೊಬ್ಬ ಗುಮಾಸ್ತ ಸಿಗುತ್ತಾನೆ.

ಎಲ್ಲಕ್ಕಿಂತ ಕಠಿಣವಾದ ತೊಡಕು ಈಚಿನದು. ಬೇಸಗೆಯಲ್ಲೂ ಕರಗದೆ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಆ ನೆಲ ಈಗ ಕರಗುತ್ತಿದೆ. ಅದರೊಳಗೆ ಅಡಗಿದ್ದ ಗಂಧಕದ ಖನಿಜಕ್ಕೆ ನೀರು, ಗಾಳಿ ತಾಗಿ, ಗಣಿಯ ಸುಳಿವೇ ಇಲ್ಲದ ಕಣಿವೆಗಳಲ್ಲಿ ಹೊಳೆಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿವೆ. 2024ರ ಮೇ ತಿಂಗಳಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರೂಕ್ಸ್ ಶ್ರೇಣಿಯಲ್ಲಿ ಇಂಥ 75 ಹೊಳೆಗಳನ್ನು ಗುರುತಿಸಿತು. ಕೋಬಕ್ ಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ ಅಕಿಲ್ಲಿಕ್ ನದಿಯ ಉಪಹೊಳೆಯೊಂದು 2017ರಿಂದ 2018ರೊಳಗೆ ಬಣ್ಣ ಬದಲಿಸಿತು. ಅಲ್ಲಿದ್ದ ಡಾಲಿ ವಾರ್ಡನ್ ಮರಿಗಳೂ ಸ್ಕಲ್ಪಿನ್ ಎಂಬ ಸಣ್ಣ ಮೀನೂ ಕಾಣದಾದವು. ನಾಳೆ ಗಣಿಯ ಕೆಳಗಿನ ಹೊಳೆ ಕೆಂಪಾದರೆ ತಪ್ಪು ಗಣಿಯದೋ, ಕರಗಿದ ನೆಲದ್ದೋ? ಹತ್ತು ವರ್ಷದ ಹಿಂದಿನ ಶಿಲ್ಕು ಒಂದನ್ನೇ ಹಿಡಿದರೆ ಉತ್ತರ ದೊರೆಯದು. ಅದಕ್ಕಾಗಿ ಗಣಿಯ ನೀರು ಎಂದೂ ತಲುಪದ ನೆರೆಯ ಹೊಳೆಯನ್ನೂ, ಅದೇ ಹೊಳೆಯಲ್ಲಿ ಗಣಿಗಿಂತ ಮೇಲಿನ ಸ್ಥಳವನ್ನೂ ಜೊತೆಜೊತೆಗೆ ಅಳೆಯುತ್ತಾರೆ. ಎರಡೂ ಕಡೆ ಕೆಂಪಾದರೆ ಒಂದು ಅರ್ಥ. ಕೆಳಗೆ ಮಾತ್ರ ಆದರೆ ಇನ್ನೊಂದು.

ಸೋಸುಕ, ಸೀಸೆ, ಮೀನಿನ ಬುಟ್ಟಿಗಳನ್ನು ಹೊತ್ತು ಹೆಲಿಕಾಪ್ಟರಿನಲ್ಲಿ ಹೋಗಿ ಅವರು ಪ್ರತಿ ಬೇಸಗೆಯೂ ಹಿಂದೆ ನಿಂತ ಅದೇ ಜಾಗದಲ್ಲಿ ನಿಲ್ಲಬೇಕಾಗಿರುವುದು ಇದಕ್ಕಾಗಿ.