ಬಟ್ಟೆಗೆಂದೇ ಹುಟ್ಟಿದ ಮೈ

2019ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ವೃತ್ತಗಳಲ್ಲಿ ಹೊಸ ಸಂಚಾರ ಪೊಲೀಸರು ಕಾಣಿಸಿಕೊಂಡರು. ಬಿಳಿ ಅಂಗಿ, ಖಾಕಿ ಪ್ಯಾಂಟು, ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಮಳೆಗೂ ಅಲುಗುವುದಿಲ್ಲ, ಬಿಸಿಲಿಗೂ ಸರಿಯುವುದಿಲ್ಲ. ಹತ್ತಿರ ಹೋದರೆ ಗುಟ್ಟು ಬಯಲು: ಅವು ಬಟ್ಟೆ ಅಂಗಡಿಯ ಗೊಂಬೆಗಳು. ದೂರದಿಂದ ಸಮವಸ್ತ್ರ ಕಂಡರೆ ಸಾಕು, ಹೆಲ್ಮೆಟ್ ಇಲ್ಲದವರೂ ಸಿಗ್ನಲ್ ಹಾರುವವರೂ ಹಿಂಜರಿದಾರು ಎಂಬುದು ಇಲಾಖೆಯ ಲೆಕ್ಕವಾಗಿತ್ತು. ಪತ್ರಿಕೆಗಳು ನಕ್ಕವು, ವಿದೇಶದ ಸುದ್ದಿಸಂಸ್ಥೆಗಳೂ ಫೋಟೊ ತೆಗೆದವು.

ಆ ಗೊಂಬೆಗಳಲ್ಲಿ ಪೊಲೀಸರದ್ದು ಎನ್ನುವಂಥದ್ದು ಏನೂ ಇರಲಿಲ್ಲ. ಮದುವೆ ಸುಗ್ಗಿಯಾಗಿದ್ದರೆ ಅದೇ ಗೊಂಬೆ ಶೇರ್ವಾನಿ ತೊಟ್ಟು ಮದುಮಗನಾಗುತ್ತಿತ್ತು, ಜೂನ್ ತಿಂಗಳಾಗಿದ್ದರೆ ಶಾಲೆಯ ಮಾಸ್ತರನಾಗುತ್ತಿತ್ತು. ತನ್ನದೆಂಬ ಗುರುತಿಲ್ಲದೆ, ತೊಡಿಸಿದ್ದನ್ನೆಲ್ಲ ತನ್ನದೇ ಎನ್ನುವಂತೆ ನಿಲ್ಲುವುದೇ ಅದರ ಕಸುಬು. ಅಂಥ ಮೈಯನ್ನು ಕಟ್ಟುವುದು ಮೂರ್ತಿ ಕೆತ್ತುವುದಕ್ಕಿಂತ ಬೇರೆಯೇ ಕೆಲಸ.

ಗದಗ-ಬೆಟಗೇರಿಯ ಬಟ್ಟೆ ಅಂಗಡಿಗಳಲ್ಲಿ ಇಂಥ ಗೊಂಬೆಗೆ ‘ಡಮ್ಮಿ’ ಅಂತಲೋ ‘ಗೊಂಬಿ’ ಅಂತಲೋ ಹೆಸರು. ತಲೆಯಿಂದ ಪಾದದವರೆಗಿನ ಪೂರ್ತಿ ಗೊಂಬೆ, ಸೊಂಟದವರೆಗಿನ ಅರ್ಧ ಗೊಂಬೆ, ಕುತ್ತಿಗೆಗೇ ಮುಗಿಯುವ ತಲೆಯಿಲ್ಲದ ಗೊಂಬೆ, ಮಕ್ಕಳ ಗೊಂಬೆ, ಸೀರೆಗೆಂದೇ ಮಾಡಿದ ಗೊಂಬೆ ಹೀಗೆ ಅದರಲ್ಲಿ ಹಲವು ಜಾತಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂತೆಪೇಟೆಗಳಲ್ಲೂ ಅಂಗಡಿಯ ಹೊರಗೆ ಕಬ್ಬಿಣದ ಕೊಂಡಿಗೆ ನೇತುಹಾಕಿದ ಎದೆಭಾಗದ ಪ್ಲಾಸ್ಟಿಕ್ ಗೊಂಬೆ ಅಂಗಿ ತೊಟ್ಟು ತೂಗುತ್ತಿರುತ್ತದೆ.

ಮಣ್ಣಿನಿಂದ ಫೈಬರಿಗೆ

ಒಳ್ಳೆಯ ಡಮ್ಮಿಯ ಹುಟ್ಟು ಮಣ್ಣಿನಲ್ಲೇ. ಕಬ್ಬಿಣದ ಸರಳಿನ ಅಸ್ಥಿಪಂಜರದ ಮೇಲೆ ಜೇಡಿಮಣ್ಣು ಮೆತ್ತಿ ಶಿಲ್ಪಿ ಆಳೆತ್ತರದ ಆಕೃತಿ ತಿದ್ದುತ್ತಾನೆ. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಜೀವಂತ ರೂಪದರ್ಶಿಯನ್ನೇ ನಿಲ್ಲಿಸಿಕೊಳ್ಳುವುದುಂಟು. ಮಣ್ಣಿನ ರೂಪದ ಸುತ್ತ ಪ್ಲಾಸ್ಟರ್ ಅಥವಾ ಫೈಬರಿನ ಅಚ್ಚು ತೆಗೆಯುತ್ತಾರೆ. ಅಚ್ಚು ಮುಂದೊಂದು ಹಿಂದೊಂದು, ಎರಡು ಹೋಳು. ಒಳಮೈಗೆ ಮೇಣ ಸವರಿ ಉಜ್ಜುತ್ತಾರೆ, ಇಲ್ಲದಿದ್ದರೆ ಎರಕ ಅಚ್ಚನ್ನು ಬಿಡುವುದಿಲ್ಲ. ಮೊದಲು ಜೆಲ್‌ಕೋಟ್ ಎಂಬ ನುಣುಪಾದ ಪದರ, ಅದರ ಮೇಲೆ ಗಾಜಿನ ಎಳೆಗಳ ಮ್ಯಾಟು, ಮ್ಯಾಟಿನ ಮೇಲೆ ಕುಂಚದಿಂದ ರೆಸಿನ್. ಹೋಳುಗಳು ಒಣಗಿ ಗಟ್ಟಿಯಾದ ಮೇಲೆ ಕೂಡಿಸಿ, ಬೆಸುಗೆಯ ಗೆರೆ ಕಾಣದ ಹಾಗೆ ಪುಟ್ಟಿ ತುಂಬಿ, ಎಮರಿ ಕಾಗದದಿಂದ ತಿಕ್ಕಿ, ಬಣ್ಣ ಸಿಂಪಡಿಸುತ್ತಾರೆ. ಒಳಗೆಲ್ಲ ಟೊಳ್ಳು. ಅದಕ್ಕೇ ಆಳೆತ್ತರದ ಗೊಂಬೆಯನ್ನು ಅಂಗಡಿಯ ಹುಡುಗನೊಬ್ಬ ಕಂಕುಳಲ್ಲಿ ಇರುಕಿಕೊಂಡು ಅಟ್ಟ ಹತ್ತಬಲ್ಲ.

ಬಿರುಬಿಸಿಲಿನ ಊರುಗಳಲ್ಲಿ ಈ ಕೆಲಸಕ್ಕೆ ತನ್ನದೇ ಹದವಿದೆ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಬೇಸಿಗೆಯಲ್ಲಿ ಕಡಿಮೆ ಸಾಕು, ಹೆಚ್ಚಾದರೆ ಡಬ್ಬಿಯಲ್ಲೇ ಕಾದು ಕಲ್ಲಾಗುತ್ತದೆ. ಚಳಿಗಾಲದಲ್ಲಿ ಅದೇ ಪ್ರಮಾಣ ಹಾಕಿದರೆ ಅಂಟಂಟಾಗಿಯೇ ಉಳಿಯುತ್ತದೆ. ಇನ್ನು ಫೈಬರ್ ತಿಕ್ಕುವಾಗ ಏಳುವ ಪುಡಿ ಮೈಗೆ ತಾಗಿದರೆ ತುರಿಕೆ, ಉಸಿರಿಗೆ ಹೋದರೆ ಎದೆಗೆ ಕೇಡು. ಮುಖಗವಸು, ಕೈಗವಸು ಇಲ್ಲದೆ ಮಾಡುವ ಕೆಲಸವಲ್ಲ ಇದು.

ಮೂರ್ತಿಗೂ ಡಮ್ಮಿಗೂ ಇರುವ ದೊಡ್ಡ ವ್ಯತ್ಯಾಸ ಕೀಲುಗಳಲ್ಲಿದೆ. ಕೈ ಚಾಚಿ ನಿಂತ ಕಲ್ಲಿನ ಮೂರ್ತಿಗೆ ಅಂಗಿ ತೊಡಿಸಲಾಗದು. ಡಮ್ಮಿಗೆ ತೊಡಿಸಲೇಬೇಕು. ಅದಕ್ಕಾಗಿ ಭುಜದಲ್ಲಿ ಕೈ ಕಳಚುತ್ತದೆ, ಮಣಿಕಟ್ಟಿನಲ್ಲಿ ಹಸ್ತ ಕಳಚುತ್ತದೆ, ಸೊಂಟದಲ್ಲಿ ಮೈ ಎರಡಾಗುತ್ತದೆ. ಪ್ಯಾಂಟು ಏರಿಸಲು ಒಂದು ಕಾಲನ್ನು ಬಿಚ್ಚುವ ಗೊಂಬೆಗಳೂ ಇವೆ. ಮೊದಲು ಅಂಗಿ, ಆಮೇಲೆ ತೋಳಿನೊಳಗಿಂದ ತೂರಿಸಿ ಸಿಕ್ಕಿಸುವ ಕೈ, ಕೊನೆಗೆ ಹಸ್ತ. ಪಾದಕ್ಕೋ ಮೀನಖಂಡಕ್ಕೋ ಸೇರುವ ಸರಳು ಗಾಜಿನ ಅಥವಾ ಉಕ್ಕಿನ ತಳಹಲಗೆಯ ಮೇಲೆ ಇಡೀ ಗೊಂಬೆಯನ್ನು ನಿಲ್ಲಿಸುತ್ತದೆ.

ಇಷ್ಟೆಲ್ಲ ಆದರೂ ಬಟ್ಟೆ ತಾನಾಗಿ ಮೈಗೆ ಕೂರುವುದಿಲ್ಲ. ಗೊಂಬೆ ಬಹುತೇಕ ನಮ್ಮ ನಿಮ್ಮೆಲ್ಲರಿಗಿಂತ ತೆಳು, ಉದ್ದ. ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನ ಹಿಂದೆ ಎಳೆದು ಪಿನ್ನು ಚುಚ್ಚುತ್ತಾರೆ. ಗಾಜಿನ ಆಚೆ ನಿಂತವರಿಗೆ ಅಚ್ಚುಕಟ್ಟಾಗಿ ಕಾಣುವ ಕುರ್ತಾದ ಬೆನ್ನು ನೋಡಿದರೆ ಪಿನ್ನುಗಳ ಸಾಲು. ದರ್ಜಿಯ ಅರಳೆ ತುಂಬಿದ ಗೊಂಬೆಗೆ ಸೂಜಿ ಇಳಿಯುತ್ತದೆ, ಫೈಬರಿಗೆ ಇಳಿಯುವುದಿಲ್ಲ. ಹಾಗಾಗಿ ಬಟ್ಟೆಗೆ ಬಟ್ಟೆಯನ್ನೇ ಚುಚ್ಚಿ ಹಿಡಿಸಬೇಕು.

ಗಾಜು ಬಂದ ಮೇಲೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕ, ಯುರೋಪಿನ ದೊಡ್ಡ ಮಳಿಗೆಗಳಿಗೆ ಅಗಲವಾದ ಗಾಜಿನ ಹಲಗೆ ಬಂತು. ಅದರ ಹಿಂದೆ ಏನಿಡಬೇಕು ಎಂಬ ವಿದ್ಯೆಯೂ ಹುಟ್ಟಿತು. ಈ ವಿದ್ಯೆಗೆಂದೇ 1897ರಲ್ಲಿ ಷಿಕಾಗೊದಲ್ಲಿ ‘ದಿ ಶೋ ವಿಂಡೋ’ ಎಂಬ ಪತ್ರಿಕೆ ಶುರುಮಾಡಿದವರು ಎಲ್. ಫ್ರಾಂಕ್ ಬಾಮ್. ಮೂರು ವರ್ಷದ ನಂತರ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್’ ಬರೆದು ಮಕ್ಕಳ ಲೋಕಕ್ಕೆಲ್ಲ ಪರಿಚಿತರಾದದ್ದು ಅವರೇ. ತಗಡಿನ ಮನುಷ್ಯ, ಹುಲ್ಲಿನ ಬೆದರುಗೊಂಬೆ ಪಾತ್ರಗಳಾಗಿ ಓಡಾಡುವ ಕತೆ ಅದು.

ಆ ಕಾಲದ ಗೊಂಬೆಗಳಿಗೆ ಮೇಣದ ಮುಖ, ಗಾಜಿನ ಕಣ್ಣು, ನಿಜವಾದ ಕೂದಲು. ದೀಪದ ಮತ್ತು ಬಿಸಿಲಿನ ಝಳಕ್ಕೆ ಮೇಣ ಮೆತ್ತಗಾಗಿ ಮುಖವೇ ಇಳಿಯುತ್ತಿತ್ತು. 1930ರ ದಶಕದಲ್ಲಿ ನ್ಯೂಯಾರ್ಕಿನ ಲೆಸ್ಟರ್ ಗಾಬಾ ಪ್ಲಾಸ್ಟರಿನಿಂದ ಮಾಡಿದ ‘ಸಿಂಥಿಯಾ’ ಸುಮಾರು 45 ಕಿಲೋ ತೂಗುತ್ತಿದ್ದಳು. ಗಾಬಾ ಅವಳನ್ನು ಔತಣಕ್ಕೆ, ನಾಟಕಕ್ಕೆ ಕರೆದೊಯ್ಯುತ್ತಿದ್ದರು, 1937ರಲ್ಲಿ ‘ಲೈಫ್’ ಪತ್ರಿಕೆ ಅವಳ ಚಿತ್ರಗಳನ್ನು ಅಚ್ಚುಹಾಕಿತು. ಫೈಬರ್‌ಗ್ಲಾಸ್ ಬಂದ ಮೇಲೆ ಲಂಡನ್ನಿನ ಅಡೆಲ್ ರೂಟ್‌ಸ್ಟೈನ್ ನಿಜವಾದ ರೂಪದರ್ಶಿಯರ ಪಡಿಯಚ್ಚುಗಳನ್ನೇ ಮಾಡಿಸಿದರು. 1966ರಲ್ಲಿ ಅವರು ತಂದ ರೂಪದರ್ಶಿ ಟ್ವಿಗ್ಗಿಯ ಗೊಂಬೆ ಅಂಗಡಿ ಗಾಜುಗಳ ಹಿಂದೆ ಆ ಕಾಲದ ಹೊಸ ಹೆಣ್ಣನ್ನು ನಿಲ್ಲಿಸಿತು.

ಹೆಸರಾಂತ ಕಲಾವಿದರಿಗೂ ಈ ಗಾಜಿನ ನಂಟಿತ್ತು. 1939ರಲ್ಲಿ ನ್ಯೂಯಾರ್ಕಿನ ಬಾನ್‌ವಿಟ್ ಟೆಲ್ಲರ್ ಮಳಿಗೆಗೆ ಸಾಲ್ವಡೋರ್ ಡಾಲಿ ಅಲಂಕಾರ ಮಾಡಿಕೊಟ್ಟರು. ಅಂಗಡಿಯವರು ತನ್ನನ್ನು ಕೇಳದೆ ಅದನ್ನು ಬದಲಾಯಿಸಿದರೆಂದು ಸಿಟ್ಟಾಗಿ ಒಳಗೆ ನುಗ್ಗಿದರು. ಆ ಎಳೆದಾಟದಲ್ಲಿ ಅಲಂಕಾರದಲ್ಲಿದ್ದ ಸ್ನಾನದ ತೊಟ್ಟಿ ಗಾಜು ಒಡೆದುಕೊಂಡು ರಸ್ತೆಗೆ ಬಂತು, ಜೊತೆಗೆ ಡಾಲಿಯೂ.

ಹೆದ್ದಾರಿಯ ಎರಡು ದಿಕ್ಕು

ಗದಗದಿಂದ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಕೊಪ್ಪಳ, ಪಶ್ಚಿಮಕ್ಕೆ ಹೊರಟರೆ ಹುಬ್ಬಳ್ಳಿ. ಗೊಂಬೆ ಕಟ್ಟುವ ಎರಡು ಬೇರೆ ಬೇರೆ ವಿದ್ಯೆಗಳು ಈ ಎರಡು ದಿಕ್ಕುಗಳಲ್ಲಿ ಇವೆ. ಗೊಂಬೆಗೆ ಬಟ್ಟೆ ಹೇಗೆ ತೊಡಿಸುವುದೆಂಬ ಪ್ರಶ್ನೆಗೆ ಎರಡೂ ಕಡೆ ಬೇರೆ ಬೇರೆ ಉತ್ತರ.

ಪೂರ್ವದ ವಿದ್ಯೆ ಕಿನ್ನಾಳದ್ದು. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರ ಮನೆತನಗಳು ಹಗುರ ಮರದಿಂದ ದೇವರು, ಗರುಡ, ಕಾಮಧೇನು, ಹಣ್ಣು-ತರಕಾರಿ, ತೊಟ್ಟಿಲು ಮಾಡುತ್ತಾ ಬಂದಿವೆ. ತಮ್ಮ ಹಿರಿಯರು ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳಿಗೆ ಕೈ ಹಚ್ಚಿದವರೆಂಬ ನಂಬಿಕೆ ಅವರಲ್ಲಿದೆ. ಕಿನ್ನಾಳದ ಗೊಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಫೈಬರಿನ ಕೆಲಸ ನೋಡಿದವರಿಗೆ ಕಿನ್ನಾಳದ ವಿಧಾನ ಹೊಸದೆನಿಸುವುದಿಲ್ಲ. ಅಂಗಗಳನ್ನು ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿಯೊಡನೆ ಕಲಸಿದರೆ ‘ಕಿಟ್ಟ’ ಸಿದ್ಧ. ಅದನ್ನು ಇಡೀ ಮೈಗೆ ಕೈಯಿಂದಲೇ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ನುಣ್ಣಗೆ ಅರೆದ ಕಲ್ಲಿನ ಸರಿ ಬಳಿದು, ಒಣಗಿದ ಮೇಲೆ ಬಣ್ಣ. ಗಾಜಿನ ಎಳೆಯ ಜಾಗದಲ್ಲಿ ಸೆಣಬು ಮತ್ತು ಅರಿವೆ, ರೆಸಿನ್ ಜಾಗದಲ್ಲಿ ಹುಣಸೆ ಬೀಜ, ಪುಟ್ಟಿಯ ಜಾಗದಲ್ಲಿ ಕಲ್ಲಿನ ಸರಿ. ಎಳೆ ಮತ್ತು ಅಂಟು ಸೇರಿದರೆ ಹಗುರವಾದ ಗಟ್ಟಿ ಮೈ ಸಿಗುತ್ತದೆಂಬ ಲೆಕ್ಕ ಎರಡಕ್ಕೂ ಒಂದೇ.

ಆದರೆ ಕಿನ್ನಾಳದ ಗೊಂಬೆ ಬಟ್ಟೆಯನ್ನು ಮೈಮೇಲೇ ಹೊತ್ತು ಹುಟ್ಟುತ್ತದೆ. ಸೀರೆಯ ಅಂಚು, ಕೊರಳ ಸರ, ಕಿರೀಟದ ಉಬ್ಬುಗಳನ್ನು ಕಲ್ಲಿನ ಸರಿಯಿಂದಲೇ ಎತ್ತಿ ಮೂಡಿಸುತ್ತಾರೆ. ಹಿಂದೆ ತವರದ ತೆಳು ಹಾಳೆಯನ್ನು ಅರೆದು ಬಳಿದು ಬೆಳ್ಳಿ-ಬಂಗಾರದ ಹೊಳಪು ತರುವ ‘ಲಾಜವಾರ’ ಎಂಬ ವಿಧಾನವೂ ಇತ್ತು.

ಪಶ್ಚಿಮದ ವಿದ್ಯೆ ಗೊಟಗೋಡಿಯದು. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಈ ಊರಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಉಳುವವರು, ಬೀಸುವವರು, ಕುಂಬಾರ, ಕಮ್ಮಾರ, ದನಕರು ಹೀಗೆ ಉತ್ತರ ಕರ್ನಾಟಕದ ಹಳ್ಳಿಯೊಂದು ಆಳೆತ್ತರದಲ್ಲಿ ನಿಂತಿದೆ. ದೊಡ್ಡಾಟಕ್ಕೂ ಮರುಜೀವ ಕೊಟ್ಟ ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರ ಆಕೃತಿಗಳಲ್ಲಿ ಧೋತರದ ನೆರಿಗೆ, ಪಟಗದ ಸುತ್ತು, ಕುಬಸದ ಗಂಟು ಎಲ್ಲವೂ ಎರಕದಲ್ಲೇ ಬಂದಿವೆ. ಬಯಲಲ್ಲಿ ವರ್ಷವಿಡೀ ನಿಲ್ಲುವ ಗೊಂಬೆಗೆ ಬೇರೆ ದಾರಿಯಿಲ್ಲ, ನಿಜವಾದ ಅರಿವೆ ಒಂದು ಮಳೆಗಾಲ ತಾಳದು. ಕೊಲ್ಹಾಪುರದ ಬಳಿಯ ಕಣೇರಿ ಮಠದ ಸಿದ್ಧಗಿರಿ ವಸ್ತುಸಂಗ್ರಹಾಲಯದ ಸಿಮೆಂಟಿನ ಹಳ್ಳಿಗರೂ ಇದೇ ಕುಲದವರು.

ಇವೆರಡರ ನಡುವೆ ಗದಗದಲ್ಲೇ ಮೂರನೆಯ ಉತ್ತರವೊಂದಿದೆ. ಹೋಳಿ ಹುಣ್ಣಿಮೆಗೆ ಕಿಲ್ಲಾ ಓಣಿಯಲ್ಲಿ ಕೂರಿಸುವ ರತಿ-ಕಾಮಣ್ಣರಿಗೆ ನಿಜವಾದ ಸೀರೆ, ನಿಜವಾದ ಉಡುಪು. ರತಿಯ ಕೊರಳಿಗೆ ಜನರು ತಮ್ಮ ಮನೆಯ ಬಂಗಾರ ತಂದು ಹಾಕಿಸುತ್ತಾರೆ. ಹಾಗೆ ಹಾಕಿಸಿದರೆ ಮನೆಯಲ್ಲಿ ಬಂಗಾರ ಬೆಳೆಯುತ್ತದೆಂಬ ನಂಬಿಕೆ. ದೀಪಾವಳಿ ಅಮಾವಾಸ್ಯೆಗೆ ಅಂಗಡಿಗಳಲ್ಲಿ ಲಕ್ಷ್ಮಿಯನ್ನು ಕೂರಿಸುವಾಗಲೂ ಕೊಡದ ಮೇಲೆ ಮುಖವಿಟ್ಟು, ಹಲಗೆ-ಕೋಲುಗಳ ಮೇಲೆ ನೆರಿಗೆ ಹಿಡಿದು ಸೀರೆ ಉಡಿಸುತ್ತಾರೆ. ಕೈಕಾಲಿಲ್ಲದ ಆ ಕಟ್ಟಿನ ಮೇಲೆ ಹೆಣ್ಣಿನ ಮೈ ಮೂಡಿಸುವವರು ಹೆಚ್ಚಾಗಿ ಮನೆಯ ಹೆಂಗಸರು.

ಹಿನ್ನೆಲೆಯ ಕೆಲಸ

ಗಾಜಿನ ಹಿಂದೆ ಗೊಂಬೆ ಒಂದೇ ನಿಲ್ಲುವುದಿಲ್ಲ. ದಸರೆಗೆ ಆನೆ, ದೀಪಾವಳಿಗೆ ಹಣತೆ, ಮದುವೆ ಕಾಲಕ್ಕೆ ಹಂದರದ ಕಂಬ, ಶಾಲೆ ಶುರುವಾದಾಗ ಆಳೆತ್ತರದ ಪೆನ್ಸಿಲ್ಲು. ಇವನ್ನು ಥರ್ಮಾಕೋಲು, ಸನ್‌ಬೋರ್ಡು, ಪ್ಲೈವುಡ್ಡಿನಲ್ಲಿ ಮಾಡುತ್ತಾರೆ. ಥರ್ಮಾಕೋಲನ್ನು ಕಾಯಿಸಿದ ತಂತಿಯಿಂದ ಬೆಣ್ಣೆಯಂತೆ ಕೊಯ್ಯಬಹುದು. ಹೊಸಬರು ತಪ್ಪದೆ ಬೀಳುವ ಗುಂಡಿಯೂ ಇಲ್ಲೇ ಇದೆ: ಗಟ್ಟಿಯಾಗಲೆಂದು ನೇರವಾಗಿ ಪಾಲಿಯೆಸ್ಟರ್ ರೆಸಿನ್ ಬಳಿದರೆ ಥರ್ಮಾಕೋಲು ಕರಗಿ ಕುಸಿಯುತ್ತದೆ. ಮೊದಲು ಫೆವಿಕಾಲಿನಲ್ಲಿ ಅದ್ದಿದ ಕಾಗದವನ್ನೋ ಪ್ಲಾಸ್ಟರನ್ನೋ ಹೊದಿಸಿ, ಅದು ಒಣಗಿದ ಮೇಲಷ್ಟೇ ರೆಸಿನ್.

ಈ ಕೈಚಳಕ ಗದಗಕ್ಕೆ ಹೊಸದಲ್ಲ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇಲ್ಲಿಯದೇ, ವೀರೇಶ್ವರ ಪುಣ್ಯಾಶ್ರಮದ ನಾಟ್ಯಸಂಘವೂ ಇಲ್ಲಿಯದೇ. ಒಂದು ಊರಿನ ಮೊಕ್ಕಾಂ ಮುಗಿಸಿ ಇನ್ನೊಂದು ಊರಿಗೆ ಲಾರಿಯಲ್ಲಿ ಹೋಗಬೇಕಾದ ಸಿಂಹಾಸನ, ಗದೆ, ಕಿರೀಟಗಳೆಲ್ಲ ನೋಡಲು ಭಾರ, ಎತ್ತಲು ಹಗುರ ಇರಲೇಬೇಕು. ಬಣ್ಣದ ಕೆಲಸಕ್ಕೂ ಇಲ್ಲಿ ಶಾಲೆಯಿದೆ: ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಈ ಸೀಮೆಯ ಹುಡುಗರಿಗೆ ಕುಂಚ ಹಿಡಿಯುವುದನ್ನು ಕಲಿಸಿದೆ.

ಸೀರೆಯ ಸಮಸ್ಯೆ

ಇಷ್ಟಿದ್ದೂ ಅಂಗಡಿ ಗೊಂಬೆಯ ಮಾದರಿಗಳು ರೂಪುಗೊಂಡದ್ದು ದೊಡ್ಡ ಶಹರಗಳ ಉಡುಪಿಗೆ. ಜೀನ್ಸು, ಕುರ್ತಾಕ್ಕೆ ಅವು ಹೊಂದುತ್ತವೆ. ಬೆಟಗೇರಿಯ ಕೈಮಗ್ಗದ ಸೀರೆ, ಇಳಕಲ್ ಸೀರೆ ಉಡಿಸುವಾಗ ತೊಡಕು ಶುರು.

ಇಳಕಲ್ ಸೀರೆಯ ಜೀವ ತೋಪ್ ತೆನಿ ಸೆರಗಿನಲ್ಲಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿ ನೇಯ್ದ ಆ ಕೆಂಪು ಸೆರಗು ಗೊಂಬೆಯ ಬೆನ್ನಿಗೆ ಹೋದರೆ ಗಾಜಿನ ಎದುರು ನಿಂತವರಿಗೆ ಕಾಣುವುದು ಬರೀ ಒಡಲು. ಅದಕ್ಕೆ ಅಂಗಡಿಯವರು ಸೆರಗನ್ನು ಮುಂದಕ್ಕೆ ತಂದು ಮುಂಗೈ ಮೇಲೆ ಹರವುತ್ತಾರೆ. ಕೈ ಸೊಂಟದ ಮೇಲಿರುವ ಗೊಂಬೆಯಾದರೆ ಅದೂ ಆಗದು. ಜೊತೆಗೆ ಬಂದ ಕುಬಸದ ಬಟ್ಟೆಯನ್ನೋ ಗುಳೇದಗುಡ್ಡದ ಖಣವನ್ನೋ ಹೊಲಿಸುವಂತಿಲ್ಲ, ಗಿರಾಕಿಗೆ ಅದು ಇಡಿಯಾಗಿಯೇ ಬೇಕು. ಹೊಲಿಗೆಯಿಲ್ಲದ ಆ ತುಂಡನ್ನೇ ಎದೆಗೂ ತೋಳಿಗೂ ಸುತ್ತಿ, ಪಿನ್ನು ಹಾಕಿ, ಕುಬಸ ತೊಟ್ಟಂತೆ ಕಾಣಿಸುವುದು ಡಮ್ಮಿಗೆ ಸೀರೆ ಉಡಿಸುವವರ ನಿತ್ಯದ ಕೆಲಸ. ತಲೆಮೇಲೆ ಸೆರಗು ಹೊದಿಸೋಣವೆಂದರೆ ಎತ್ತರಿಸಿ ಕಟ್ಟಿದ ಫೈಬರ್ ಜಡೆ ಅಡ್ಡ ಬರುತ್ತದೆ. ಹಿರಿಯರು ಉಡುವ ಒಂಬತ್ತು ಗಜದ ಕಚ್ಚೆಯ ಉಡಿಗೆಗಂತೂ ಕಾಲುಗಳ ನಡುವೆ ಅಂತರವಿರುವ ಗೊಂಬೆಯೇ ಬೇಕು. ಸೊಂಟದ ಕೆಳಗೆ ಬರೀ ಸರಳಿರುವ ಸೀರೆ ಗೊಂಬೆಗೆ ಕಚ್ಚೆ ಹಾಕಲು ಬರುವುದಿಲ್ಲ.

ಈ ಸೀಮೆಯ ಸೀರೆಗೆ ಒಪ್ಪುವ ಡಮ್ಮಿ ಹೇಗಿರಬೇಕೆಂದು ಪಟ್ಟಿ ಮಾಡುವುದು ಕಷ್ಟವಲ್ಲ. ನೆತ್ತಿ ಬೋಳು ಅಥವಾ ಬೈತಲೆ ತೆಗೆದು ಹಿಂದೆ ಗಂಟು ಹಾಕಿದ್ದು. ಒಂದು ಮುಂಗೈ ಹೊಟ್ಟೆಯ ಮಟ್ಟದಲ್ಲಿ ಅಡ್ಡ, ಸೆರಗು ಹರವಲು. ಇನ್ನೊಂದು ಕೈ ಮಣಿಕಟ್ಟಿನಲ್ಲಿ ಕಳಚುವಂಥದ್ದು, ಹಸಿರು ಬಳೆ ಏರಿಸಲು. ಪಾದಗಳು ಒಂದು ಗೇಣು ದೂರ, ಎತ್ತರ ಐದೂಕಾಲು ಅಡಿ, ಮೈಬಣ್ಣ ಹಿತ್ತಾಳೆಗಿಂತ ಒಂದು ಛಾಯೆ ಕಪ್ಪು. ಮಣ್ಣಿನ ಮಾದರಿ ಒಂದು ಸಿದ್ಧವಾದರೆ ಅದರ ಅಚ್ಚಿನಿಂದ ಹತ್ತಾರು ಗೊಂಬೆ ತೆಗೆಯಬಹುದು. ಗಣಪತಿ ಮೂರ್ತಿ ಮಾಡುವವರಿಗೆ, ದೇವಸ್ಥಾನಗಳಿಗೆ ಫೈಬರಿನ ಕಮಾನು ಮಾಡಿಕೊಡುವವರಿಗೆ ಈ ಅಚ್ಚಿನ ಕೆಲಸ ಗೊತ್ತಿರುವುದೇ.