ಹಿಮ್ಮಡಿ ನೋವು: ಕಾರಣ ಮತ್ತು ಚಿಕಿತ್ಸೆ

ಬೆಳಿಗ್ಗೆ ಹಾಸಿಗೆಯಿಂದೆದ್ದು ಕಾಲೂರಿದೊಡನೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಹ ನೋವು ಕಾಣಿಸಿಕೊಂಡು, ಸ್ವಲ್ಪ ನಡೆದ ನಂತರ ಕಡಿಮೆಯಾಗಿ, ಬಹಳ ಹೊತ್ತು ಕುಳಿತು ಎದ್ದಾಗ ಮರುಕಳಿಸುವುದು ಈ ತೊಂದರೆಯ ಮುಖ್ಯ ಲಕ್ಷಣವಾಗಿರುತ್ತದೆ. ವೈದ್ಯರು ಪ್ಲಾಂಟಾರ್ ಫೇಶಿಯಾ ಎಂದು ಕರೆಯುವ ದಪ್ಪ ಪಟ್ಟಿಯೊಂದು ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಬ್ಬಿ ಅಂಗಾಲಿನ ಕಮಾನನ್ನು ಹಿಡಿದಿಟ್ಟಿರುತ್ತದೆ. ಅದು ಮೂಳೆಗೆ ಸೇರುವ ಸ್ಥಳದಲ್ಲಿ ಪದೇ ಪದೇ ಎಳೆತಕ್ಕೊಳಗಾಗಿ ಸವೆಯುವುದೇ ನೋವಿಗೆ ಸಾಮಾನ್ಯ ಕಾರಣವಾಗಿದೆ.

ಇದು 40ರಿಂದ 60 ವರ್ಷ ವಯೋಮಾನದವರಲ್ಲಿ, ತೂಕ ಹೆಚ್ಚಿರುವವರಲ್ಲಿ ಹಾಗೂ ನಿಂತು ದುಡಿಯುವವರಲ್ಲಿ ಹೆಚ್ಚು. ಬನ್ನೂರು ಭಾಗದ ಗದ್ದೆಗಳಲ್ಲಿ ಬರಿಗಾಲಿನ ದುಡಿಮೆ ಸಾಮಾನ್ಯ; ಆದರೆ ಕೆಸರು ಮೆತ್ತಗಿರುತ್ತದೆ, ಮನೆಯ ಟೈಲ್ಸ್ ನೆಲ ಹಾಗಲ್ಲ. ಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮ್ಮಲ್ಲಿ ರೂಢಿಯಿಲ್ಲ. ಒಳಗಿನ ಬಳಕೆಗೆಂದೇ ಮೆತ್ತನೆಯ ಚಪ್ಪಲಿಯೊಂದನ್ನು ಬೇರೆ ಇಟ್ಟುಕೊಂಡಲ್ಲಿ ಮಡಿಗೂ ಭಂಗವಿಲ್ಲ, ಕಾಲಿಗೂ ಹಿತ.

ಎಕ್ಸ್-ರೇಯಲ್ಲಿ "ಮೂಳೆ ಬೆಳೆದಿದೆ" ಎಂದು ತಿಳಿದು ಅನೇಕರು ಗಾಬರಿಗೊಳ್ಳುತ್ತಾರೆ. ಅಂತಹ ಬೆಳವಣಿಗೆ ನೋವೇ ಇಲ್ಲದವರಲ್ಲಿಯೂ ಕಂಡುಬರುತ್ತದೆ. ಅದನ್ನು ಕೊರೆದು ತೆಗೆಸಬೇಕೆಂದೇನೂ ಇಲ್ಲ. ಹತ್ತರಲ್ಲಿ ಎಂಟು-ಒಂಬತ್ತು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ, ಆದರೆ ಹಲವು ತಿಂಗಳು ಹಿಡಿಯಬಹುದು.

ಏಳುವ ಮುನ್ನ ಹಾಸಿಗೆಯಲ್ಲಿಯೇ ಕುಳಿತು, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡು ಹಿಡಿಯಬೇಕು. ಹೀಗೆ 10 ಬಾರಿ, ದಿನಕ್ಕೆ ಮೂರು ಸಲ ಮಾಡತಕ್ಕದ್ದು. ಗೋಡೆಗೆ ಕೈಯೂರಿ ಮೀನಖಂಡವನ್ನು ಹಿಗ್ಗಿಸುವುದೂ ಸಹಕಾರಿ. ನೋವು ನಿವಾರಕ ಮಾತ್ರೆಗಳನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿಕರ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲಕಾಲ ಶಮನ ನೀಡಬಹುದಾದರೂ, ಪದೇ ಪದೇ ಪಡೆದಲ್ಲಿ ಪಟ್ಟಿಯೇ ಹರಿಯುವ ಸಂಭವವಿದೆ.

ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಒತ್ತುವ ಮನೆಮದ್ದು ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ. ಮಧುಮೇಹವಿರುವವರು ಇದನ್ನು ಖಂಡಿತ ಮಾಡಬಾರದು. ಅಂಗಾಲಿನ ಸ್ಪರ್ಶಜ್ಞಾನ ಕುಂದಿರುವವರಿಗೆ ಸುಟ್ಟದ್ದು ತಿಳಿಯುವುದಿಲ್ಲ. ಆ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಎಕ್ಕದ ಹಾಲೂ ಚರ್ಮಕ್ಕೆ ಒಳ್ಳೆಯದಲ್ಲ.

ಬಿದ್ದ ನಂತರ ಕಾಲೂರಲಾಗದಿರುವುದು, ಊತ, ಜ್ವರ, ಜೋಮು, ರಾತ್ರಿ ಮಲಗಿದಾಗಲೂ ಬಿಡದ ನೋವು ಅಥವಾ ಯುವಕರಲ್ಲಿ ಹಿಮ್ಮಡಿ ನೋವಿನೊಂದಿಗೆ ಬೆಳಗಿನ ಬೆನ್ನುಬಿಗಿತ ಕಂಡುಬಂದಲ್ಲಿ ತಡಮಾಡದೆ ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಕಾಣತಕ್ಕದ್ದು. ಹೆಚ್ಚಿನ ತಪಾಸಣೆ ಅಗತ್ಯವಾದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮೂಳೆ ಚಿಕಿತ್ಸಾ ವಿಭಾಗವಿರುತ್ತದೆ.