ಕೋರೆಹಲ್ಲಿನವರ ರಾಜ

ಮೊಮ್ಮಗಳ ಪುಸ್ತಕದ ಗೂಡಿನಲ್ಲಿ ನನಗೆ ತೀರಾ ಹಿಡಿಸಿದ್ದು ಮಾರಿಸ್ ಸೆಂಡಾಕ್ ಬರೆದು ಚಿತ್ರಿಸಿದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’. ಅಮೆರಿಕದಲ್ಲಿ 1963ರಲ್ಲಿ ಬಂದದ್ದು. ಮರುವರ್ಷವೇ ಕಾಲ್ಡೆಕಾಟ್ ಪದಕ ಪಡೆಯಿತು. ಕಥೆ ಇಷ್ಟೇ: ತೋಳದ ವೇಷ ಹಾಕಿ ದಾಂಧಲೆ ಮಾಡಿದ ಮ್ಯಾಕ್ಸ್‌ನನ್ನು ಅಮ್ಮ ಊಟ ಕೊಡದೆ ಕೋಣೆಗೆ ಅಟ್ಟುತ್ತಾಳೆ. ಅಲ್ಲೇ ಕಾಡು ಬೆಳೆಯುತ್ತದೆ, ದೋಣಿ ಬರುತ್ತದೆ, ಆಚೆ ದಡದಲ್ಲಿ ಕೋರೆಹಲ್ಲಿನ ಪ್ರಾಣಿಗಳು. ಹುಡುಗ ಓಡುವುದಿಲ್ಲ. ಅವುಗಳ ಹಳದಿ ಕಣ್ಣನ್ನು ರೆಪ್ಪೆ ಮಿಟುಕಿಸದೆ ದಿಟ್ಟಿಸುತ್ತಾನೆ. ಬೆದರಿದ ಅವು ಅವನನ್ನೇ ರಾಜನನ್ನಾಗಿ ಮಾಡಿಕೊಳ್ಳುತ್ತವೆ.

ಜಾಣತನವೆಲ್ಲ ಇರುವುದು ಪುಟದ ಜೋಡಣೆಯಲ್ಲಿ. ಮೊದಲ ಚಿತ್ರ ಅಗಲವಾದ ಬಿಳಿ ಅಂಚಿನ ನಡುವೆ ಪುಟ್ಟದಾಗಿ ಕೂತಿದೆ. ಕಾಡು ಬೆಳೆದಂತೆ ಚಿತ್ರವೂ ಹಿಗ್ಗುತ್ತಾ, ಪ್ರಾಣಿಗಳ ಕುಣಿತದ ಹೊತ್ತಿಗೆ ಎರಡೂ ಪುಟ ತುಂಬಿ ಅಕ್ಷರವನ್ನೇ ಹೊರದಬ್ಬುತ್ತದೆ. ಅಲ್ಲಿ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ, ಘರ್ಜನೆಯ ಹೊಣೆ ಮೊಮ್ಮಗಳದು. (ಕೆಳಮನೆಯವರು ಬಾಗಿಲು ತಟ್ಟಿದ್ದೂ ಉಂಟು.) ಮ್ಯಾಕ್ಸ್ ಹಿಂತಿರುಗುವಾಗ ಚಿತ್ರ ಮತ್ತೆ ಕುಗ್ಗುತ್ತದೆ, ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ.

ಮೊದಲು ಸೆಂಡಾಕ್ ಬರೆಯಹೊರಟದ್ದು ಕುದುರೆಗಳ ಕಥೆ. ಕುದುರೆ ಬಿಡಿಸಲು ಕೈ ಒಗ್ಗಲಿಲ್ಲ. ಬ್ರೂಕ್ಲಿನ್‌ನ ಬಾಲ್ಯದಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ನೆಂಟರಿಷ್ಟರನ್ನೇ ಪ್ರಾಣಿಗಳಾಗಿಸಿದರು! ಮಗುವನ್ನು ಹಸಿದ ಹೊಟ್ಟೆಯಲ್ಲಿ ಒಂಟಿಯಾಗಿ ಮಲಗಲು ಕಳಿಸುವುದೇ ದೊಡ್ಡ ಭಯ ಎಂದು ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1969ರಲ್ಲಿ ಆಕ್ಷೇಪಿಸಿದರು, ಅದೂ ಪುಸ್ತಕ ಓದದೆಯೇ. ನಮ್ಮ ಪುಟ್ಟಿಯೂ ಅವರ ಪಕ್ಷವೇ. ಪ್ರಾಣಿಗಳ ಬಗ್ಗೆ ಅವಳಿಗೆ ತಕರಾರಿಲ್ಲ, ತಪ್ಪೆಲ್ಲ ಮ್ಯಾಕ್ಸ್‌ನ ಅಮ್ಮನದಂತೆ.